ಕಿರುಬೆರಳಿನ ಭಾರ: ಕನ್ನಡ ಬರೆಯುವವರು ಕೀಲಿಮಣೆ ಕೊಳ್ಳುವಾಗ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಗಣಕ ವಿಜ್ಞಾನ ಕಲಿಸುತ್ತೇನೆ. ಹಗಲು ಹೊತ್ತು ಪೈಥಾನ್ ಮತ್ತು ಸಿ ಪ್ರೋಗ್ರಾಮುಗಳು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನುಡಿ ವಿನ್ಯಾಸದಲ್ಲಿ ಕನ್ನಡ ಲೇಖನ, ಪಾಠದ ಟಿಪ್ಪಣಿ. ಇತ್ತೀಚೆಗೆ ಎಡಗೈಯ ಕಿರುಬೆರಳು ಮತ್ತು ಮಣಿಕಟ್ಟಿನ ಹೊರಬದಿ ನೋಯುತ್ತಿವೆ. ಮೆಕ್ಯಾನಿಕಲ್ ಕೀಬೋರ್ಡ್, ಅಂದರೆ ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ಪ್ರಿಂಗ್ ಸ್ವಿಚ್ಚು ಇರುವಂಥದ್ದು, ಕೊಂಡರೆ ಸರಿಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಎಲೆಕ್ಟ್ರಾನಿಕ್ಸ್ ಹವ್ಯಾಸವೂ ಇರುವುದರಿಂದ ಬಿಚ್ಚಿ ಜೋಡಿಸಬಹುದಾದದ್ದೇ ಬೇಕೆಂಬ ಆಸೆ. ಕೆಂಪು, ಕಂದು, ನೀಲಿ ಸ್ವಿಚ್ಚುಗಳಲ್ಲಿ ಯಾವುದು ಒಳ್ಳೆಯದು? ಚಿಕ್ಕ ಗಾತ್ರದ್ದನ್ನು ತೆಗೆದುಕೊಳ್ಳಲೇ? ಕನ್ನಡ ಅಕ್ಷರ ಅಚ್ಚಾದದ್ದು ಬೇಕೇ? ತಂತಿ ಇಲ್ಲದ್ದು ಆಗಬಹುದೇ? ಮೌಸ್ ಮತ್ತಿತರ ಸಾಮಾನು ಸೇರಿ 15 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ.

ಉತ್ತರ: ತಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ಸ್ವಿಚ್ಚಿನ ಬಣ್ಣದ ಕಡೆಗಲ್ಲ, ಎಡಗೈಯ ಕಿರುಬೆರಳಿನ ಕಡೆಗೆ. ಇಂಗ್ಲಿಷ್ ಮಾತ್ರ ಟೈಪ್ ಮಾಡುವವರಿಗಾಗಿ ಬರೆದ ಸಲಹೆಗಳನ್ನು ನಾವು ಹಾಗೆಯೇ ಎತ್ತಿಕೊಂಡು ಕೀಲಿಮಣೆ ಕೊಳ್ಳುತ್ತೇವೆ. ಕನ್ನಡ ಬರೆಯುವ ಕೈಗೆ ಬೇಕಾದದ್ದು ಬೇರೆ ಇದೆ ಎಂಬುದು ಹಣ ಕೊಟ್ಟಾದ ಮೇಲೆ ತಿಳಿಯುತ್ತದೆ. ಆದ್ದರಿಂದ ಯಾವ ಕೀಲಿಮಣೆ ಎಂಬುದಕ್ಕೆ ಬರುವ ಮುನ್ನ ತಮ್ಮ ಬೆರಳುಗಳು ರಾತ್ರಿ ಏನು ಮಾಡುತ್ತಿವೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡೋಣ. ನೋವಿನ ಜೊತೆಗೆ ಬೆರಳು ಜೋಮು ಹಿಡಿಯುವುದು, ರಾತ್ರಿ ನೋವಿನಿಂದ ಎಚ್ಚರವಾಗುವುದು ಇದ್ದರೆ ದಯವಿಟ್ಟು ಮೊದಲು ಮೂಳೆ ತಜ್ಞರನ್ನು ಕಾಣಿರಿ. ಅದಕ್ಕೆ ಕೀಲಿಮಣೆ ಮದ್ದಲ್ಲ.

ಒಂದು ಸಾಮಾನ್ಯ ಪದವನ್ನು ತೆಗೆದುಕೊಳ್ಳಿ: ಮಾತಾಡಬೇಕಾಗಿದೆ. ನುಡಿ ವಿನ್ಯಾಸದಲ್ಲಿ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿ ಕರ್ನಾಟಕ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡ ಕೀಲಿ ವಿನ್ಯಾಸದಲ್ಲಿ, ಇದಕ್ಕೆ 13 ಹೊಡೆತಗಳು ಬೇಕು. ವ್ಯಂಜನದೊಳಗೇ ಅಕಾರ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಒತ್ತಬೇಕಿಲ್ಲ. ಇದು ಆ ವಿನ್ಯಾಸದ ದೊಡ್ಡ ಅನುಕೂಲ. ಆದರೆ ದೀರ್ಘ ಸ್ವರ ಬಂದಾಗಲೆಲ್ಲ ಶಿಫ್ಟ್ ಹಿಡಿಯಬೇಕು. ಈ ಒಂದೇ ಪದದಲ್ಲಿ ಮಾ, ತಾ, ಬೇ, ಕಾ ಎಂದು ನಾಲ್ಕು ಸಲ ಶಿಫ್ಟ್ ಬಂತು. ದೀರ್ಘಗಳಲ್ಲದೆ ಮಹಾಪ್ರಾಣಗಳು, ಣ, ಳ, ಶ ಮತ್ತು ಅನುಸ್ವಾರ ಕೂಡ ಶಿಫ್ಟಿನ ಮೇಲೆಯೇ ಇವೆ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಕ್ಷರಕ್ಕೋ ಹೆಸರಿಗೋ ಒಮ್ಮೆ ಬಳಸುವ ಶಿಫ್ಟನ್ನು ಕನ್ನಡದಲ್ಲಿ ನಾವು ಬಹುಪಾಲು ಪದಗಳಲ್ಲೂ ಒತ್ತುತ್ತೇವೆ.

ಇನ್ನು ಆ ಹೊಡೆತಗಳು ಎಲ್ಲಿ ಬೀಳುತ್ತವೆ ನೋಡಿ. ಕನ್ನಡದಲ್ಲಿ ಮತ್ತೆ ಮತ್ತೆ ಬರುವ ಆಕಾರ ಇರುವುದು ಎ ಕೀಲಿಯ ಮೇಲೆ, ಎಡಗೈ ಕಿರುಬೆರಳಿನ ಜಾಗದಲ್ಲಿ. ಟೈಪಿಂಗ್ ಶಾಲೆಯ ನಿಯಮದ ಪ್ರಕಾರ ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟನ್ನೂ ಬಲಗೈ ಅಕ್ಷರಕ್ಕೆ ಎಡಗಡೆಯ ಶಿಫ್ಟನ್ನೂ ಹಿಡಿಯಬೇಕು. ಯಾರಿಂದಲೂ ಕಲಿಯದೆ ತಾವಾಗಿಯೇ ರೂಢಿ ಮಾಡಿಕೊಂಡವರು ಎಲ್ಲಕ್ಕೂ ಎಡ ಶಿಫ್ಟನ್ನೇ ಬಳಸುತ್ತಾರೆ. ಆಗ ಕಿರುಬೆರಳು ಕೆಳಗಿನ ಶಿಫ್ಟಿಗೆ ಇಳಿಯುತ್ತದೆ, ಎ ಕೀಲಿಯನ್ನು ಉಂಗುರ ಬೆರಳು ಬಂದು ಒತ್ತುತ್ತದೆ, ಮಣಿಕಟ್ಟು ಹೊರಗಡೆಗೆ ಸೊಟ್ಟಗಾಗುತ್ತದೆ. ತಾವು ಹೇಳಿದ ಹೊರಬದಿಯ ನೋವು ಈ ತಿರುವಿನ ಜಾಗದಲ್ಲಿಯೇ ಇದೆ. ಇಂದು ರಾತ್ರಿ ಒಂದು ಪ್ಯಾರಾ ಬರೆಯುವಾಗ ಎಡಗೈಯನ್ನಷ್ಟೇ ಗಮನಿಸಿ. ನಾನು ಹೇಳಿದಂತೆ ಆಗುತ್ತಿದ್ದರೆ, ಹದಿನೈದು ದಿನ ಬಲ ಶಿಫ್ಟನ್ನು ರೂಢಿ ಮಾಡಿಕೊಳ್ಳಿ. ಮೊದಲ ನಾಲ್ಕೈದು ದಿನ ವೇಗ ಅರ್ಧಕ್ಕಿಳಿಯುತ್ತದೆ, ಬೇಸರವೂ ಆಗುತ್ತದೆ. ಅಷ್ಟು ದಿನ ವಿಂಡೋಸಿನಲ್ಲಿರುವ ಸ್ಟಿಕಿ ಕೀಸ್ ಸೌಲಭ್ಯವನ್ನೂ ಪರೀಕ್ಷಿಸಬಹುದು. ಶಿಫ್ಟನ್ನು ಸತತವಾಗಿ ಐದು ಸಲ ಒತ್ತಿದರೆ ಅದನ್ನು ಆನ್ ಮಾಡಲೇ ಎಂದು ಗಣಕವೇ ಕೇಳುತ್ತದೆ. ಆಮೇಲೆ ಶಿಫ್ಟನ್ನು ಹಿಡಿದಿರಬೇಕಿಲ್ಲ, ಒತ್ತಿ ಬಿಟ್ಟು ಮುಂದಿನ ಅಕ್ಷರ ಒತ್ತಿದರೆ ಸಾಕು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲವಾದ್ದರಿಂದ ಕೊಳ್ಳುವ ಮಾತಿಗಿಂತ ಮುಂಚೆ ಹೇಳುತ್ತಿದ್ದೇನೆ.

ಇದೇ ಪದವನ್ನು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ, ಅಂದರೆ ಭಾರತೀಯ ಲಿಪಿಗಳಿಗೆಂದು ಕೇಂದ್ರ ಸರ್ಕಾರ ಗೊತ್ತುಮಾಡಿದ ವಿನ್ಯಾಸದಲ್ಲಿ, ಬರೆದರೆ ಹೊಡೆತಗಳು ಅಷ್ಟೇ 13, ಆದರೆ ಶಿಫ್ಟ್ ಒಮ್ಮೆಯೂ ಬೇಕಾಗುವುದಿಲ್ಲ. ಅಲ್ಲಿ ಆಕಾರದ ಚಿಹ್ನೆ ಇ ಕೀಲಿಯ ಮೇಲೆ, ಏಕಾರದ್ದು ಎಸ್ ಕೀಲಿಯ ಮೇಲೆ ನೇರವಾಗಿಯೇ ಇವೆ. ಪದದ ಮೊದಲಿಗೆ ಬರುವ ಬಿಡಿ ಸ್ವರಗಳು ಶಿಫ್ಟಿಗೆ ಹೋಗಿವೆ. ಅದರ ಬದಲಿಗೆ ಡ ಅಕ್ಷರ ಬಲಗಡೆಯಲ್ಲಿರುವ, ತೆರೆಯುವ ಚೌಕ ಆವರಣದ ಕೀಲಿಯ ಮೇಲಿದೆ, ಟ ಅರ್ಧವಿರಾಮ ಚಿಹ್ನೆಯ ಆಚೆಯ ಉದ್ಧರಣ ಕೀಲಿಯ ಮೇಲಿದೆ, ಹೀಗಾಗಿ ಬಲ ಕಿರುಬೆರಳಿಗೆ ಕೆಲಸ ಹೆಚ್ಚು. ನುಡಿಗೆ ಒಗ್ಗಿದ ಕೈಯನ್ನು ಈ ವಯಸ್ಸಿನಲ್ಲಿ ಬದಲಿಸಿ ಎಂದು ನಾನು ಒತ್ತಾಯಿಸುವುದಿಲ್ಲ. ಆದರೆ ತಮ್ಮ ವಿದ್ಯಾರ್ಥಿಗಳಲ್ಲಿ ಹೊಸದಾಗಿ ಕಲಿಯುವವರಿಗೆ ಎರಡನ್ನೂ ತೋರಿಸಿರಿ ಎಂದು ಕೇಳಿಕೊಳ್ಳುತ್ತೇನೆ.

ಗಾತ್ರದ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ಕೀಲಿಮಣೆಯಲ್ಲಿ ಒಂದು ಅಕ್ಷರದ ಕೀಲಿ ಆಕ್ರಮಿಸುವ ಜಾಗ 19.05 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚು. ಅದನ್ನು ಒಂದು ಯೂನಿಟ್ ಎನ್ನುತ್ತಾರೆ. 104 ಕೀಲಿಗಳ ಪೂರ್ಣ ಮಣೆಯಲ್ಲೂ, ಅಂಕಿಗಳ ಬಲಭಾಗವನ್ನು ಕತ್ತರಿಸಿ ಮಾಡಿದ 87 ಕೀಲಿಗಳ ಟೆನ್‌ಕೀಲೆಸ್ ಮಣೆಯಲ್ಲೂ ಬಲ ಶಿಫ್ಟ್ 2.75 ಯೂನಿಟ್, ಹತ್ತಿರ ಹತ್ತಿರ ಐದೂಕಾಲು ಸೆಂಟಿಮೀಟರ್ ಅಗಲ ಇರುತ್ತದೆ. ಈಗ ಬಹಳ ಜನ ಇಷ್ಟಪಡುವ ಶೇಕಡಾ 65 ಮತ್ತು ಶೇಕಡಾ 75 ಎಂದು ಪೂರ್ಣ ಮಣೆಗೆ ಹೋಲಿಸಿ ಕರೆಯುವ ಚಿಕ್ಕ ಮಣೆಗಳಲ್ಲಿ ಬಾಣದ ಕೀಲಿಗಳಿಗೆ ಜಾಗ ಮಾಡಿಕೊಡಲು ಇದನ್ನು ಸಾಮಾನ್ಯವಾಗಿ 1.75 ಯೂನಿಟ್ಟಿಗೆ ಇಳಿಸಿ, ಅದರ ಪಕ್ಕದಲ್ಲೇ ಮೇಲ್ಮುಖ ಬಾಣವನ್ನು ಕೂರಿಸಿರುತ್ತಾರೆ. ಆಕಾರಕ್ಕಾಗಿ ಶಿಫ್ಟಿಗೆ ಹೋದ ಬೆರಳು ಒಂದಿಷ್ಟು ಜಾರಿದರೆ ಕರ್ಸರ್ ಮೇಲಿನ ಸಾಲಿಗೆ ಹಾರಿ, ಅಲ್ಲಿ ಯಾವುದೋ ಪದದ ನಡುವೆ ಅ ಎಂದು ಬೀಳುತ್ತದೆ. ಶೇಕಡಾ 60ರ ಮಣೆಯಲ್ಲಿ ಬಲ ಶಿಫ್ಟ್ ಸಾಮಾನ್ಯವಾಗಿ ಪೂರ್ತಿ ಅಗಲವಿರುತ್ತದೆ, ಆದರೆ ಬಾಣಗಳೇ ಇರುವುದಿಲ್ಲ; ಮೇಲೆ ಎಡ ಮೂಲೆಯ ಬ್ಯಾಕ್‌ಟಿಕ್ ಕೀಲಿ ಎಸ್ಕೇಪ್ ಆಗಿರುತ್ತದೆ. ಇನ್‌ಸ್ಕ್ರಿಪ್ಟಿನಲ್ಲಿ ಹ್ರಸ್ವ ಒಕಾರದ ಚಿಹ್ನೆ ಆ ಮೂಲೆಯ ಕೀಲಿಯಲ್ಲೇ ಇರುವುದರಿಂದ, ಅಂಥ ಮಣೆಯಲ್ಲಿ ಕೊಡು, ನೋಡು ಎಂಬ ಎರಡು ಪದಗಳಲ್ಲಿ ನೋಡು ಸಲೀಸಾಗಿ ಬರುತ್ತದೆ, ಕೊಡು ಬರೆಯಲು ಇನ್ನೊಂದು ಕೀಲಿಯನ್ನೂ ಜೊತೆಗೆ ಹಿಡಿಯಬೇಕಾಗುತ್ತದೆ. ಇಂಥ ವಿಷಯ ಯಾವ ಪೆಟ್ಟಿಗೆಯ ಮೇಲೂ ಬರೆದಿರುವುದಿಲ್ಲ.

ಆದ್ದರಿಂದ ತಮಗೆ ನನ್ನ ಸಲಹೆ 87 ಕೀಲಿಗಳ ಟೆನ್‌ಕೀಲೆಸ್. ಬಲಗಡೆಯ ಅಂಕಿಗಳು ಹೋಗುವುದರಿಂದ ಮೌಸ್ ಸುಮಾರು ಒಂದು ಗೇಣಿನ ಅರ್ಧದಷ್ಟು ಹತ್ತಿರ ಬರುತ್ತದೆ, ಬಲ ಭುಜಕ್ಕೆ ಅದು ದೊಡ್ಡ ಬಿಡುಗಡೆ. ಪರೀಕ್ಷೆಯ ಅಂಕಪಟ್ಟಿಗಳನ್ನು ತುಂಬುವ ಕೆಲಸ ತಮ್ಮ ಪಾಲಿಗಿದ್ದರೆ ಮಾತ್ರ ಪೂರ್ಣ ಮಣೆಯನ್ನೋ ಪ್ರತ್ಯೇಕವಾಗಿ ಸಿಗುವ ಅಂಕಿ ಮಣೆಯನ್ನೋ ಯೋಚಿಸಿ. ಕೊಳ್ಳುವ ಮುನ್ನ ಚಿತ್ರದಲ್ಲಿ ಎಡ ಶಿಫ್ಟನ್ನೂ ನೋಡಿರಿ. ಅಮೆರಿಕದ ಆನ್ಸಿ ರಚನೆಯಲ್ಲಿ ಅದು 2.25 ಯೂನಿಟ್, ಯುರೋಪಿನ ಐಎಸ್‌ಒ ರಚನೆಯಲ್ಲಿ 1.25 ಯೂನಿಟ್ ಮಾತ್ರ, ಪಕ್ಕದಲ್ಲಿ ಇನ್ನೊಂದು ಕೀಲಿ ಬಂದಿರುತ್ತದೆ. ನಮ್ಮಲ್ಲಿ ಮಾರುವವು ಬಹುಪಾಲು ಆನ್ಸಿಯೇ ಆದರೂ ವಿದೇಶದಲ್ಲಿರುವ ಬಂಧುಗಳಿಂದ ತರಿಸಿಕೊಳ್ಳುವವರು ಇದರಲ್ಲಿ ಎಡವಿರುವುದನ್ನು ಕಂಡಿದ್ದೇನೆ.

ಕನ್ನಡ ಅಕ್ಷರ ಅಚ್ಚಾದ ಕೀಲಿಮಣೆ ಬೇಕಿಲ್ಲ. ಕೀಲಿಮಣೆ ಗಣಕಕ್ಕೆ ಕಳಿಸುವುದು ಯಾವ ಸ್ಥಾನದ ಕೀಲಿ ಒತ್ತಲಾಯಿತು ಎಂಬ ಸಂಕೇತವನ್ನಷ್ಟೇ. ಅದು ಕ ಆಗಬೇಕೋ ಬೇರೆ ಅಕ್ಷರ ಆಗಬೇಕೋ ಎಂದು ತೀರ್ಮಾನಿಸುವುದು ಕಾರ್ಯಾಚರಣ ವ್ಯವಸ್ಥೆ. ಲಿನಕ್ಸಿನಲ್ಲಿ ಇನ್‌ಸ್ಕ್ರಿಪ್ಟ್ ಮತ್ತು ಕಗಪ ಎಂಬ ಹೆಸರಿನಲ್ಲಿ ನುಡಿ ಮಾದರಿಯ ವಿನ್ಯಾಸ ಎರಡೂ ಜೊತೆಗೇ ಬರುತ್ತವೆ. ವಿಂಡೋಸಿನಲ್ಲಿ ಇನ್‌ಸ್ಕ್ರಿಪ್ಟ್ ಹಿಂದಿನಿಂದ ಇದೆ, 2019ರಿಂದ ಇಂಗ್ಲಿಷ್ ಅಕ್ಷರಗಳ ಉಚ್ಚಾರದಂತೆ ಬರೆಯುವ ಫೊನೆಟಿಕ್ ಕೂಡ ಸೇರಿದೆ. ನುಡಿಗೆ ಅದರ ತಂತ್ರಾಂಶವನ್ನೇ ಹಾಕಿಕೊಳ್ಳುತ್ತೇವೆ. ಯಾವ ದೇಶದ, ಯಾವ ಬೆಲೆಯ ಕೀಲಿಮಣೆಯಾದರೂ ಕನ್ನಡ ಬರೆಯುತ್ತದೆ. ಮನೆಯ ಮಕ್ಕಳು ಕಲಿಯಬೇಕಿದ್ದರೆ ಸ್ಟಿಕರ್ ಅಂಟಿಸಿದರೆ ಸಾಕು.

ಈಗ ಸ್ವಿಚ್ಚಿನ ಮಾತು. ಕೆಂಪು, ಕಂದು, ನೀಲಿ ಎಂಬ ಬಣ್ಣಗಳು ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚುಗಳಿಂದ ಬಂದವು. 1980ರ ದಶಕದ ಆ ವಿನ್ಯಾಸದ ಪೇಟೆಂಟ್ ಅವಧಿ ಮುಗಿದಿದ್ದರಿಂದ ಚೀನಾದ ಗೇಟರಾನ್, ಕೈಲ್, ಔಟೆಮು ಮುಂತಾದವರು ಅದೇ ಅಳತೆಯ ಸ್ವಿಚ್ಚುಗಳನ್ನು ಮಾಡತೊಡಗಿದರು, ಬೆಲೆ ಇಳಿಯಿತು, ಈ ಹವ್ಯಾಸ ನಮ್ಮಂಥವರ ಕೈಗೆಟುಕಿತು. ಕೆಂಪು ಸ್ವಿಚ್ಚು ಮೇಲಿನಿಂದ ಕೆಳಗಿನವರೆಗೆ ತಡೆಯಿಲ್ಲದೆ ಇಳಿಯುತ್ತದೆ. ಕಂದು ಸ್ವಿಚ್ಚಿನಲ್ಲಿ ನಡುದಾರಿಯಲ್ಲಿ ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ. ನೀಲಿಯಲ್ಲಿ ಆ ಉಬ್ಬಿನ ಜೊತೆಗೆ ಟಿಕ್ ಎಂಬ ಸದ್ದೂ ಬರುತ್ತದೆ. ಚೆರ್ರಿಯ ಕೆಂಪು ಸ್ವಿಚ್ಚು ನಾಲ್ಕು ಮಿಲಿಮೀಟರ್ ಇಳಿಯುವುದರಲ್ಲಿ ಎರಡನೆಯ ಮಿಲಿಮೀಟರಿಗೇ ಅಕ್ಷರವನ್ನು ದಾಖಲಿಸುತ್ತದೆ, ಅದಕ್ಕೆ ಬೇಕಾದ ಒತ್ತಡ ಹೆಚ್ಚುಕಡಿಮೆ 45 ಗ್ರಾಂ ತೂಕದಷ್ಟು. ಕಂದಿನ ಉಬ್ಬನ್ನು ದಾಟಲು 55, ನೀಲಿಯದಕ್ಕೆ 60.

ಈ ಅಂಕಿಗಳು ಕಾಗದದ ಮೇಲೆ ಏನನ್ನೂ ಹೇಳುವುದಿಲ್ಲವಾದ್ದರಿಂದ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ನಮ್ಮ ಹತ್ತು ರೂಪಾಯಿಯ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಈಗಿರುವ ಕೀಲಿಮಣೆಯ ಒಂದು ಅಕ್ಷರದ ಕೀಲಿಯ ಮೇಲೆ, ನಟ್ಟನಡುವೆ, ನಾಣ್ಯಗಳನ್ನು ಒಂದರ ಮೇಲೊಂದು ಮೆಲ್ಲಗೆ ಇಡುತ್ತಾ ಹೋಗಿ. ಎಷ್ಟನೆಯ ನಾಣ್ಯಕ್ಕೆ ತೆರೆಯ ಮೇಲೆ ಅಕ್ಷರ ಮೂಡಿತು ಎಂದು ಎಣಿಸಿ. ಆರು ನಾಣ್ಯಗಳು 46 ಗ್ರಾಂ, ಎಂಟು ನಾಣ್ಯಗಳು 62 ಗ್ರಾಂ. ರಬ್ಬರ್ ಗುಬ್ಬಿಯಿರುವ ಸಾಮಾನ್ಯ ಮೆಂಬ್ರೇನ್ ಮಣೆಗಳಲ್ಲಿ ನಾನು ಪರೀಕ್ಷಿಸಿದವು ಏಳು ಎಂಟು ನಾಣ್ಯ ಕೇಳಿವೆ, ಹಳೆಯದಾಗಿ ರಬ್ಬರ್ ಬಿರುಸಾದವು ಒಂಬತ್ತನ್ನೂ ಕೇಳಿವೆ. ಅದೂ ಅಲ್ಲದೆ ಅಲ್ಲಿ ಅಕ್ಷರ ದಾಖಲಾಗಲು ಕೀಲಿ ಬಹುತೇಕ ತಳ ಮುಟ್ಟಬೇಕು. ಬೆರಳಿನ ಆಯಾಸದಲ್ಲಿ ಮೆಕ್ಯಾನಿಕಲ್ ಮಣೆ ತರುವ ನಿಜವಾದ ವ್ಯತ್ಯಾಸ ಇದು. ಕೆಂಪು ಸ್ವಿಚ್ಚು ಕೊಂಡು ಪ್ರತಿ ಅಕ್ಷರವನ್ನೂ ತಳಕ್ಕೆ ಕುಟ್ಟುವವರಿಗೆ ಆ ಲಾಭ ಸಿಗುವುದಿಲ್ಲ.

ಮನೆಯವರು ಮಲಗಿರುವಾಗ ಬರೆಯುವ ತಮಗೆ ನೀಲಿ ಬೇಡ. ಅದರ ಸದ್ದು ಎಂಥದ್ದೆಂದು ತಮಗೆ ಗೊತ್ತಿದೆ: ನಮ್ಮ ದೇಶದ ಟಿವಿಎಸ್ ಗೋಲ್ಡ್ ಕೀಲಿಮಣೆಯಲ್ಲಿ ಬಹುಕಾಲ ಚೆರ್ರಿಯ ನೀಲಿ ಸ್ವಿಚ್ಚೇ ಇತ್ತು, ಬಿಲ್ಲಿಂಗ್ ಕೌಂಟರುಗಳ ಆಚೆಯಿಂದ ಕೇಳುತ್ತಿದ್ದ ಆ ಟಕಟಕ ಅದರದ್ದೇ. ದಿನವಿಡೀ ದೂಳಿನಲ್ಲಿ ದುಡಿದರೂ ವರ್ಷಗಟ್ಟಲೆ ಬಾಳಿದ ಆ ಮಣೆಯ ಬಗ್ಗೆ ನನಗೆ ಬಹಳ ಗೌರವವಿದೆ. ಮೆಕ್ಯಾನಿಕಲ್ ಎಂಬುದು ಆಟವಾಡುವ ಹುಡುಗರ ಶೋಕಿಯೆಂದು ತಿಳಿಯುವವರಿಗೆ ನಾನು ತೋರಿಸುವುದು ಅದನ್ನೇ. ತಮ್ಮ ಕಿರುಬೆರಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವುದಾದರೆ ಕೆಂಪು, ಅಥವಾ ಸೈಲೆಂಟ್ ಕೆಂಪು ಎಂದು ಮಾರುವ, ಒಳಗೆ ಸಣ್ಣ ರಬ್ಬರ್ ತುಣುಕಿರುವ ಸ್ವಿಚ್ಚು ಸರಿ. ಉಬ್ಬು ಬೇಕೇಬೇಕು ಎನ್ನಿಸಿದರೆ ಕಂದು.

ಬಿಚ್ಚಿ ಜೋಡಿಸುವ ಆಸೆಯಿರುವುದರಿಂದ ಹಾಟ್‌ಸ್ವಾಪ್ ಇರುವ ಮಣೆಯನ್ನೇ ಕೊಳ್ಳಿರಿ. ಅದರಲ್ಲಿ ಸ್ವಿಚ್ಚುಗಳನ್ನು ಬೆಸುಗೆ ಹಾಕಿರುವುದಿಲ್ಲ, ಚಿಮಟದಂಥ ಸಾಧನದಿಂದ ಕಿತ್ತು ಬೇರೆಯದನ್ನು ಒತ್ತಿ ಕೂರಿಸಬಹುದು. ಇಲ್ಲಿ ಎರಡು ವಿಷಯ ವಿಚಾರಿಸಬೇಕು. ಕೆಲವು ಅಗ್ಗದ ಮಣೆಗಳ ಸಾಕೆಟ್ಟು ಔಟೆಮುವಿನ ತೆಳ್ಳಗಿನ ಕಾಲುಗಳಿಗೆ ಮಾತ್ರ ಹೊಂದುತ್ತದೆ, ಬೇರೆ ಕಂಪನಿಯ ಸ್ವಿಚ್ಚನ್ನು ಬಲವಂತವಾಗಿ ತುರುಕಿದರೆ ಸಾಕೆಟ್ಟು ಕಿತ್ತುಬರುತ್ತದೆ. ಇನ್ನೊಂದು, ಐದು ಕಾಲಿನ ಸ್ವಿಚ್ಚು ಮೂರು ಕಾಲಿನ ಮಣೆಗೆ ಹೋಗುವುದಿಲ್ಲ. ಪ್ಲಾಸ್ಟಿಕ್ಕಿನ ಎರಡು ಹೆಚ್ಚುವರಿ ಕಾಲುಗಳನ್ನು ಉಗುರು ಕತ್ತರಿಯಿಂದ ಕತ್ತರಿಸಿದರೆ ಹೋಗುತ್ತದೆ. ಮೂರು ಕಾಲಿನದು ಐದು ಕಾಲಿನ ಮಣೆಗೆ ಹೋಗುತ್ತದೆ. ಹಾಟ್‌ಸ್ವಾಪಿನ ನಿಜವಾದ ಉಪಯೋಗ ಬಣ್ಣ ಬದಲಿಸಿ ನೋಡುವುದಲ್ಲ. ಎಲ್ಲ ಬೆರಳಿಗೂ ಒಂದೇ ಬಿಗಿಯ ಸ್ವಿಚ್ಚು ಇರಬೇಕೆಂಬ ನಿಯಮವಿಲ್ಲ. ಎ ಕೀಲಿ, ಕ್ಯೂ ಕೀಲಿ, ಎರಡು ಶಿಫ್ಟುಗಳು ಇಷ್ಟಕ್ಕೆ 35 ಗ್ರಾಮಿನ ಹಗುರ ಸ್ವಿಚ್ಚು ಹಾಕಿ, ಉಳಿದದ್ದನ್ನು 45ರಲ್ಲೇ ಬಿಡಿ. ನನ್ನ ಮಣೆಯಲ್ಲಿ ಕೆಲವು ವರ್ಷಗಳಿಂದ ಹೀಗೆಯೇ ಇದೆ. ತೂಕ ಬೇರೆಯೆಂದು ಮೊದಲ ದಿನ ತಿಳಿಯುತ್ತದೆ, ಆಮೇಲೆ ಕೈ ಅದನ್ನು ಗಮನಿಸುವುದಿಲ್ಲ.

ಹಾಟ್‌ಸ್ವಾಪಿಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಸ್ವಂತ ಕಾರಣವೂ ಇದೆ. ನಮ್ಮೂರ ಶಾಲೆಯ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುತ್ತಿದ್ದಾಗ ಬೆಸುಗೆ ಹಾಕಿದ ಸ್ವಿಚ್ಚುಗಳ ಒಂದು ಮಣೆ ನನ್ನ ಬಳಿ ಇತ್ತು. ಅದರ ಎಫ್ ಕೀಲಿ ಒಮ್ಮೆ ಒತ್ತಿದರೆ ಎರಡು ಸಲ ದಾಖಲಾಗತೊಡಗಿತು. ಲೋಹದ ಸಂಪರ್ಕ ಪಟ್ಟಿ ಸವೆದೋ ಮಲಿನವಾಗಿಯೋ ಹೀಗಾಗುತ್ತದೆ, ಚಾಟರಿಂಗ್ ಎನ್ನುತ್ತಾರೆ. ಇಂಗ್ಲಿಷಿನಲ್ಲಾಗಿದ್ದರೆ ಒಂದು ಅಕ್ಷರ ಹೆಚ್ಚಾಗಿ ಬಿದ್ದದ್ದು ಕಣ್ಣಿಗೆ ಕಂಡು, ಅಳಿಸಿದರೆ ಮುಗಿಯುತ್ತಿತ್ತು. ಆದರೆ ನುಡಿ ವಿನ್ಯಾಸದಲ್ಲಿ ಎಫ್ ಎಂದರೆ ಒತ್ತಕ್ಷರ ಕೂಡಿಸುವ ಕೀಲಿ. ಕ, ನ, ಕೂಡು, ನ, ಡ ಎಂದು ಒತ್ತಿದರೆ ಕನ್ನಡ. ಆ ಕೂಡು ಎರಡು ಸಲ ಬಿದ್ದರೆ ಒತ್ತಕ್ಷರ ಒಡೆದು, ನಕಾರದ ಪಕ್ಕದಲ್ಲಿ ಒಂದು ಚುಕ್ಕಿ ವರ್ತುಲ ಬಂದು ಕೂರುತ್ತದೆ. ಕೆಲವು ಅಕ್ಷರಶೈಲಿಗಳಲ್ಲಿ ಅದು ಸರಿಯಾಗಿ ಕಾಣಿಸುವುದೂ ಇಲ್ಲ. ಕರಡು ತಿದ್ದುವಾಗ ಪುಟಕ್ಕೆ ಐದಾರು ಕಡೆ ಒಡೆದ ಒತ್ತಕ್ಷರ ಸಿಕ್ಕಿತು, ಹುಡುಕಲು ಕೊಟ್ಟರೆ ಪದ ಸಿಗುತ್ತಿರಲಿಲ್ಲ. ಆ ಒಂದು ಸ್ವಿಚ್ಚನ್ನು ಬದಲಿಸಲು ಇಡೀ ಮಣೆಯನ್ನು ಕಳಚಿ, ಹಲಗೆಯ ಹಿಂಬದಿಯಲ್ಲಿ ಬೆಸುಗೆ ಹೀರಿ ತೆಗೆದು, ಹೊಸದನ್ನು ಹಾಕುವುದರಲ್ಲಿ ಒಂದು ಭಾನುವಾರ ಕಳೆಯಿತು. ಹಾಟ್‌ಸ್ವಾಪ್ ಆಗಿದ್ದರೆ ಅದು ಎರಡು ನಿಮಿಷದ ಕೆಲಸ. ಕೀಲಿಮಣೆಯ ಜೊತೆಗೆ ಅದೇ ಬಗೆಯ ಹತ್ತು ಸ್ವಿಚ್ಚುಗಳನ್ನು ಹೆಚ್ಚಾಗಿ ತರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿರಿ.

ತಮ್ಮ ಕಡೆ ಬೇಸಗೆಯಲ್ಲಿ ದೂಳು ಹೆಚ್ಚು. ಕರಾವಳಿಯವರಾದರೆ ಮಳೆಗಾಲದ ತೇವವೇ ಚಿಂತೆ. ಎರಡಕ್ಕೂ ಕೈಲ್ ಕಂಪನಿಯ ಬಾಕ್ಸ್ ಮಾದರಿಯ ಸ್ವಿಚ್ಚುಗಳು ಒಳ್ಳೆಯವು, ಸಂಪರ್ಕದ ಭಾಗವನ್ನು ಅವುಗಳಲ್ಲಿ ಪ್ರತ್ಯೇಕ ಪೆಟ್ಟಿಗೆಯೊಳಗೆ ಮುಚ್ಚಿರುತ್ತಾರೆ. ಬಳಸದಾಗ ಒಂದು ತೆಳುವಾದ ಹತ್ತಿ ಬಟ್ಟೆ ಹೊದಿಸುವ ಹಳೆಯ ಪದ್ಧತಿ ಈಗಲೂ ಸರಿಯೇ.

ಶಿಫ್ಟ್, ಎಂಟರ್, ಸ್ಪೇಸ್‌ಬಾರ್ ಇಂಥ ಅಗಲದ ಕೀಲಿಗಳು ಓರೆಯಾಗದಂತೆ ಕೆಳಗೆ ಒಂದು ಲೋಹದ ಕಂಬಿ ಹಿಡಿದಿರುತ್ತದೆ, ಅದನ್ನು ಸ್ಟೆಬಿಲೈಸರ್ ಎನ್ನುತ್ತಾರೆ. ಅದು ಒಣಗಿದ್ದರೆ ಪ್ರತಿ ಶಿಫ್ಟಿಗೂ ಕಟಕಟ ಎನ್ನುತ್ತದೆ, ಮತ್ತು ಕನ್ನಡ ಬರೆಯುವವರಿಗೆ ಶಿಫ್ಟ್ ಎಷ್ಟು ಸಲ ಎಂಬುದನ್ನು ಆಗಲೇ ನೋಡಿದೆವು. ಕಂಬಿಯ ಎರಡು ಬಾಗಿದ ತುದಿಗಳಿಗೆ ಅಕ್ಕಿಕಾಳಿನಷ್ಟು ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದರೆ ಸದ್ದು ಅಡಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬೇಡ, ಅದು ಹರಿದು ಸ್ವಿಚ್ಚಿನೊಳಗೆ ಇಳಿಯುತ್ತದೆ. ಕೀಲಿಗಳ ಮೇಲಿನ ಮುಚ್ಚಳಗಳು ಪಿಬಿಟಿ ಪ್ಲಾಸ್ಟಿಕ್ಕಿನವಾಗಿದ್ದರೆ ಬೆವರಿನ ಕೈಗೂ ಬೇಗ ನುಣುಪಾಗಿ ಹೊಳೆಯುವುದಿಲ್ಲ, ಎಬಿಎಸ್ ಪ್ಲಾಸ್ಟಿಕ್ಕಿನವು ಹೊಳೆಯುತ್ತವೆ.

ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುವ ಮಣೆ ಸಿಕ್ಕರೆ ಅದಕ್ಕೆ ಐನೂರೋ ಸಾವಿರವೋ ರೂಪಾಯಿ ಹೆಚ್ಚು ಕೊಡುವುದು ದಂಡವಲ್ಲ. ವಯಾ ಎಂಬ ಸಾಧನದಿಂದ ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ತಾವೇ ಬದಲಿಸಬಹುದು, ಆ ಬದಲಾವಣೆ ಮಣೆಯ ಸ್ಮೃತಿಯಲ್ಲೇ ಉಳಿಯುವುದರಿಂದ ಕಾಲೇಜಿನ ಗಣಕಕ್ಕೆ ಜೋಡಿಸಿದರೂ ಹಾಗೆಯೇ ಇರುತ್ತದೆ. ತಮಗೆ ನಾನು ಸೂಚಿಸುವ ಬದಲಾವಣೆ ಒಂದೇ: ಸ್ಪೇಸ್‌ಬಾರಿನ ಬಲಗಡೆಯ ಆಲ್ಟ್ ಕೀಲಿಯನ್ನು ಇನ್ನೊಂದು ಶಿಫ್ಟಾಗಿ ಮಾಡಿಕೊಳ್ಳಿ. ಹೆಬ್ಬೆರಳು ಕೈಯ ಬಲವಾದ ಬೆರಳು, ಟೈಪಿಂಗಿನಲ್ಲಿ ಅದಕ್ಕೆ ಸ್ಪೇಸ್ ಬಿಟ್ಟು ಬೇರೆ ಕೆಲಸವೇ ಇಲ್ಲ. ಬಲ ಹೆಬ್ಬೆರಳಿನಿಂದ ಶಿಫ್ಟ್ ಹಿಡಿದು ಎಡಗೈಯಿಂದ ಆಕಾರ ಹೊಡೆಯುವುದು ಅಭ್ಯಾಸವಾದರೆ ಕಿರುಬೆರಳಿಗೆ ಶಿಫ್ಟಿನ ಕೆಲಸದಿಂದ ಪೂರ್ತಿ ವಿಶ್ರಾಂತಿ. ಭಾರತದ ಇಂಗ್ಲಿಷ್ ವಿನ್ಯಾಸದಲ್ಲಿ ರೂಪಾಯಿ ಚಿಹ್ನೆ ಬಲ ಆಲ್ಟ್ ಮತ್ತು 4ರಿಂದ ಬರುತ್ತಿತ್ತಲ್ಲ ಎಂದರೆ, ಕಂಟ್ರೋಲ್ ಮತ್ತು ಎಡ ಆಲ್ಟ್ ಹಿಡಿದು 4 ಒತ್ತಿದರೂ ಬರುತ್ತದೆ.

ತಂತಿ ಇಲ್ಲದ್ದು ಆಗಬಹುದು, ಆದರೆ ತಂತಿಯನ್ನೂ ಜೋಡಿಸಲು ಬರುವಂಥದ್ದು ಇರಲಿ. ಗಣಕ ಆರಂಭವಾಗುವಾಗ ಬಯಾಸ್ ಎಂಬ ಮೂಲ ಸೆಟ್ಟಿಂಗುಗಳ ಪುಟಕ್ಕೆ ಹೋಗಬೇಕಾದರೆ ಬ್ಲೂಟೂತ್ ಬಹುತೇಕ ಕೈಕೊಡುತ್ತದೆ. 2.4 ಗಿಗಾಹರ್ಟ್ಸಿನ ಪುಟ್ಟ ಡಾಂಗಲ್ ಇರುವ ಮಣೆಯಲ್ಲಿ ಅಕ್ಷರಗಳು ತಪ್ಪುತ್ತಿದ್ದರೆ, ಡಾಂಗಲ್ಲನ್ನು ಯುಎಸ್‌ಬಿ 3 ಪೋರ್ಟಿನ ಪಕ್ಕದಿಂದ ತೆಗೆದು ಒಂದು ಗಿಡ್ಡ ಎಕ್ಸ್‌ಟೆನ್ಷನ್ ತಂತಿಯಿಂದ ಮೇಜಿನ ಮೇಲೆ ತನ್ನಿರಿ. ಆ ಪೋರ್ಟು ಕೆಲಸ ಮಾಡುವಾಗ ಹೊರಸೂಸುವ ರೇಡಿಯೋ ಗದ್ದಲ ಅದೇ ತರಂಗಾಂತರದ ಸುತ್ತ ಇರುತ್ತದೆ.

ಅಲ್ಯೂಮಿನಿಯಂ ಮೈಯ ಮಣೆ ಕೊಳ್ಳುವ ಯೋಚನೆಯಿದ್ದರೆ ಮೊದಲು ಮನೆಯ ಅರ್ತಿಂಗ್ ಪರೀಕ್ಷಿಸಲೇಬೇಕು. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಮೇಲಿನ ದೊಡ್ಡ ರಂಧ್ರಕ್ಕೆ ತಂತಿಯನ್ನೇ ಎಳೆದಿರುವುದಿಲ್ಲ. ಡೆಸ್ಕ್‌ಟಾಪಿನ ವಿದ್ಯುತ್ ಪೆಟ್ಟಿಗೆಯೊಳಗೆ ಗದ್ದಲ ಶೋಧಿಸಲು ಎರಡು ಸಣ್ಣ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲ್ಲಿನಿಂದಲೂ ಲೋಹದ ಕವಚಕ್ಕೆ ಜೋಡಣೆಯಾಗಿರುತ್ತವೆ. ಅರ್ತ್ ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು ಆ ಕವಚದ ಮೇಲೆ ತೇಲುತ್ತಿರುತ್ತದೆ. ವಿದ್ಯುತ್ ಪ್ರವಾಹ ತೀರ ಕಡಿಮೆಯಾದ್ದರಿಂದ ಅದು ಸಾಮಾನ್ಯವಾಗಿ ಜುಮ್ ಎನ್ನಿಸುವುದಕ್ಕೆ ಮುಗಿಯುತ್ತದೆ, ಆದರೆ ಯುಎಸ್‌ಬಿ ತಂತಿಯ ಹೊದಿಕೆಯ ಮೂಲಕ ಅದು ಕೀಲಿಮಣೆಯ ಲೋಹಕ್ಕೂ ಬರುತ್ತದೆ. ಕೀಲಿಮಣೆ ಶಾಕ್ ಹೊಡೆಯುತ್ತದೆಂದು ಹಿಂದಿರುಗಿಸಿದವರ ಮನೆಯಲ್ಲಿ ದೋಷ ಇದ್ದದ್ದು ಗೋಡೆಯ ಸಾಕೆಟ್ಟಿನಲ್ಲಿ. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಫೇಸ್ ಮತ್ತು ಅರ್ತ್ ನಡುವೆ, ಆಮೇಲೆ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಸಿರಿ. ಮೊದಲನೆಯದು 230ರ ಸುತ್ತ, ಎರಡನೆಯದು ಒಂದೆರಡು ವೋಲ್ಟ್ ಬರಬೇಕು. 15 ಸಾವಿರದಲ್ಲಿ ಮೊದಲ ಖರ್ಚು ಇದಾಗಲಿ. ಇದು ಸರಿಯಿಲ್ಲದ ಮನೆಯಲ್ಲಿ ಬೆಸುಗೆ ಕೆಲಸವನ್ನೂ ಮಾಡಬಾರದು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕೀಲಿಮಣೆಗೆ ಐದರಿಂದ ಏಳು ಸಾವಿರ ಸಾಕು, ಅದಕ್ಕಿಂತ ಮೇಲೆ ಕೊಡುವ ಹಣ ಹೆಚ್ಚಾಗಿ ನೋಟಕ್ಕೂ ನಾದಕ್ಕೂ ಹೋಗುತ್ತದೆ. ಮೌಸಿನಲ್ಲಿ ಡಿಪಿಐ, ಅಂದರೆ ಚಲನೆಯ ಸೂಕ್ಷ್ಮತೆಯ ಸಂಖ್ಯೆಯನ್ನು ಲೆಕ್ಕಿಸಬೇಡಿ. ಅಂಗೈಗೆ ತುಂಬುವ ಗಾತ್ರ ಮುಖ್ಯ. ಒಂದು ಕ್ಲಿಕ್ಕು ಎರಡಾಗುವ ರೋಗ ಕೀಲಿಯ ಚಾಟರಿಂಗಿನ ಬಗೆಯದೇ, ಹಾಗಾಗಿ ಸಾಮಾನ್ಯ ಸ್ಕ್ರೂ ತಿರುಗಿಸಿ ತೆರೆಯಬಹುದಾದ ಮೌಸ್ ಕೊಂಡರೆ ಒಳಗಿನ ಮೈಕ್ರೋಸ್ವಿಚ್ಚನ್ನು ತಾವೇ ಬದಲಿಸಬಹುದು. ಅದಕ್ಕೆ ಬೇಕಾದ ತಾಪ ನಿಯಂತ್ರಣವಿರುವ ಬೆಸುಗೆ ಕಡ್ಡಿ, ಒಂದು ಮಲ್ಟಿಮೀಟರ್, ಬೆಸುಗೆ ಹೀರುವ ಪಂಪು, ತವರ ಮತ್ತು ಸೀಸ 63–37 ಅನುಪಾತದಲ್ಲಿರುವ ಬೆಸುಗೆ ತಂತಿ ಇವು ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವಂಥವು. ಆ ತಂತಿ 183 ಡಿಗ್ರಿಗೆ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುವುದರಿಂದ ಹೊಸಬರ ಕೈಗೆ ಸುಲಭ. ಮಾನಿಟರ್ ಈ ಮೊತ್ತದಲ್ಲಿ ಸೇರಿಸಬೇಡಿ. ಮುಂದೆ ಕೊಳ್ಳುವಾಗ 27 ಇಂಚಿನಲ್ಲಿ 1080 ಸಾಲುಗಳದ್ದು ಬೇಡವೆಂದಷ್ಟೇ ನೆನಪಿಡಿ: ಇಂಚಿಗೆ ಸುಮಾರು 82 ಚುಕ್ಕಿಗಳಷ್ಟೇ ಇರುವುದರಿಂದ ರಾಷ್ಟ್ರ, ಸ್ತ್ರೀ ಮುಂತಾದ ಪದಗಳ ಒತ್ತುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ಪ ಮತ್ತು ಷ ಅಕ್ಷರಗಳನ್ನು ಬೇರೆ ಮಾಡುವ ಒಳಗೆರೆ ಮಸುಕಾಗುತ್ತದೆ. ಅದೇ ಸಾಲುಗಳು 24 ಇಂಚಿನಲ್ಲಿ ಪರವಾಗಿಲ್ಲ; 27ಕ್ಕೆ 1440 ಸಾಲು ಬೇಕು.

ಕೀಲಿಮಣೆ ಬಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಒಂದು ಖಾಲಿ ಕಡತ ತೆರೆದು ಪ್ರತಿ ಕೀಲಿಯನ್ನೂ ನಿಧಾನವಾಗಿ ಇಪ್ಪತ್ತು ಸಲ ಒತ್ತಿ ಎಣಿಸಿರಿ. ಇಪ್ಪತ್ತೊಂದು ಬಿದ್ದರೆ ಆ ಸ್ವಿಚ್ಚು ಕೆಟ್ಟದ್ದು. ಆಮೇಲೆ ನುಡಿಗೆ ಬದಲಿಸಿ, ಎರಡೂ ಶಿಫ್ಟುಗಳ ಎಡ ತುದಿ, ನಡು, ಬಲ ತುದಿಗಳನ್ನು ಬೇರೆ ಬೇರೆಯಾಗಿ ಒತ್ತುತ್ತಾ ಮಾತಾಡಬೇಕಾಗಿದೆ ಎಂದು ಹತ್ತು ಸಾಲು ಬರೆಯಿರಿ. ಯಾವ ತುದಿಯಲ್ಲಿ ಒತ್ತಿದರೂ ಶಿಫ್ಟ್ ಅಂಟದೆ ಒಂದೇ ಸಮನೆ ಏಳಬೇಕು.